ಕೆರೆ ಬಳಿ ಚೌಕಾಬಾರದ ಮನೆ ಕೆತ್ತಿಸಿ

ಮಾನ್ಯರೇ,

ದಾವಣಗೆರೆಯ ಕುಂದುವಾಡ ಕೆರೆ, ಗಾಜಿನ ಮನೆ ಕಡೆ ಸಂಜೆ ಸುತ್ತಾಡಲು ಬಂದ ಮಕ್ಕಳೂ ಬೆಂಚಿನ ಮೇಲೆ ಕೂತು ಮೊಬೈಲ್‌ನಲ್ಲಿ ಲೂಡೊ ಆಡುತ್ತಿರುತ್ತಾರೆ. ಪಕ್ಕದಲ್ಲಿರುವ ಗೆಳೆಯನ ಮುಖವನ್ನೂ ನೋಡುವುದಿಲ್ಲ. ಬೇಸರವಾಗುತ್ತದೆ.

ಇದೇ ಥರದ ನಮ್ಮ ಹಳೆಯ ಆಟ ಚೌಕಾಬಾರಕ್ಕೆ ಬೇಕಾದ್ದು 25 ಮನೆ (ಚೌಕ), 4 ಕವಡೆ ಅಷ್ಟೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4; ನಾಲ್ಕೂ ಮಗುಚಿ ಬಿದ್ದರೆ 8. ಕವಡೆ ಇಲ್ಲದಿದ್ದಾಗ ನಮ್ಮಜ್ಜಿ ಹುಣಸೆ ಬೀಜವನ್ನು ಅಂಗಳದ ಕಲ್ಲಿಗೆ ಹಾಕಿ, ಒಂದು ಬದಿ ಬಿಳಿ ಕಾಣುವ ತನಕ ತಿಕ್ಕಿ ಕೊಡುತ್ತಿದ್ದರು. ಬಳೆ ಚೂರು, ಮೆಕ್ಕೆಜೋಳದ ಕಾಳುಗಳೇ ಕಾಯಿ. ಗರ ಬೀಳುವುದು ಅದೃಷ್ಟ, ಯಾವ ಕಾಯಿ ನಡೆಸಬೇಕು ಅನ್ನುವುದು ನಮ್ಮ ತಲೆ. ಮೊಬೈಲ್‌ನಲ್ಲೂ ಅದೇ ಲೆಕ್ಕ, ನಿಜ. ಆದರೆ ಆಟದ ಸಾಮಾನು ನಾವೇ ಮಾಡಿಕೊಳ್ಳುವ ಖುಷಿ, ಕೈಯಲ್ಲಿ ಕವಡೆ ಕುಲುಕುವ ಸದ್ದು, ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಇದ್ದಾಗ ಆಗುವ ಗಲಾಟೆ ಅಲ್ಲಿ ಸಿಗುವುದಿಲ್ಲ ಅಲ್ವಾ?

ಮಹಾನಗರ ಪಾಲಿಕೆಯವರು ಕೆರೆ ಬಳಿ, ಪಾರ್ಕ್‌ಗಳಲ್ಲಿ ನಾಲ್ಕಾರು ಕಲ್ಲು ಹಾಸಿ, ಅದರ ಮೇಲೆ ಚೌಕಾಬಾರದ ಮನೆ ಕೆತ್ತಿಸಲಿ. ಖರ್ಚೂ ಜಾಸ್ತಿ ಆಗದು. ಕವಡೆ ನಾವೇ ತರುತ್ತೇವೆ.

– ಓದುಗ, ದಾವಣಗೆರೆ