ಹತ್ತೇ ನಿಮಿಷ ಅಂದ್ಬಿಟ್ಟೆ ಕಣೋ

ಲೇ ಮಗಾ,

ಫೋನ್ ಮಾಡಿದ್ರೆ "ಆಮೇಲ್ ಮಾಡ್ತೀನಿ" ಅಂತೀಯ, ಅದಕ್ಕೇ ಎಲ್ಲರ ಮುಂದೇನೇ ಬರೀತಿದೀನಿ. ನಮ್ಮ ಹಳೇ ಟೀಮಿನೋರೂ ಓದ್ಲಿ.

ಖಾಲಿದ್ ಜಮೀಲ್ 2025ರ ಆಗಸ್ಟಲ್ಲಿ ಇಂಡಿಯಾ ಫುಟ್‌ಬಾಲ್ ಟೀಮಿಗೆ ಕೋಚ್ ಆದಾಗಿಂದ ನಂಗೆ ಅವರದೇ ಗುಂಗು. ಮಿಡ್‌ಫೀಲ್ಡರ್ ಆಗಿದ್ದೋರು, ಗಾಯದ ಕಾಟ ಬಿಡ್ಲಿಲ್ಲ, ಮುಂಬೈ ಎಫ್‌ಸಿಗೆ ಆಡ್ತಿದ್ದೋರು 2009ರಲ್ಲಿ ಅದೇ ಟೀಮಿಗೆ ಕೋಚ್ ಆಗಿ ನಿಂತ್ರು. ಆಮೇಲೆ ಅವರು ಕೋಚ್ ಆಗಿದ್ದ 2017ರ ಐಜ್ವಾಲ್, ಆ ಮಿಜೋರಾಂ ಟೀಮು, ನೆನಪಿದ್ಯಾ? ಹಿಂದಿನ ಸೀಸನ್ನಲ್ಲಿ ಕೆಳಗಿಳಿದು ಮತ್ತೆ ಸೇರಿಸ್ಕೊಂಡಿದ್ದ ಟೀಮು, ಕೊನೇ ಮ್ಯಾಚಲ್ಲಿ ಶಿಲ್ಲಾಂಗ್ ಲಜೋಂಗ್ ಮೇಲೆ 1-1 ಡ್ರಾ ಮಾಡ್ಕೊಂಡು ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಹೊಡ್ಕೊಂಡೇಬಿಡ್ತು. ಅವತ್ತು ನೀನು ಕಿರುಚಿದ್ದು ಊರಿಗೆಲ್ಲಾ ಕೇಳ್ತು. ನನ್ನ ಮಂಡಿ ಹೋದ್ಮೇಲೂ ಫುಟ್‌ಬಾಲಲ್ಲಿ ಒಂದು ಜೀವನ ಇದೆ ಅಂತ ನಾನು ನಂಬಿದ್ದು ಅವರನ್ನ ನೋಡೇ, ಈ ಹುಡುಗ್ರನ್ನ ಸೇರಿಸ್ಕೊಂಡು ಕೋಚಿಂಗ್ ಮಾಡ್ತಿರೋದೂ ಅದಕ್ಕೇ.

ಹೋದ ಭಾನುವಾರ ಕೆಜಿಎಫ್‌ನ ಚಾಂಪಿಯನ್ ರೀಫ್ ಕಡೆ ಮ್ಯಾಚ್ ಇತ್ತು. ನಮ್ಮಲ್ಲಿ ಒಬ್ಬ ಹುಡುಗ ಇದಾನೆ, ಹದಿನಾಲ್ಕು ವರ್ಷ, ಥೇಟ್ ನಿಂದೇ ಎಡಗಾಲು. ಹಾಫ್ ಟೈಮಲ್ಲಿ ಅವನ ಮಂಡಿ ಊದಿತ್ತು. ಹೆಬ್ಬೆರಳಲ್ಲಿ ಒತ್ತಿದೆ, ಒತ್ತಿದ ಗುಳಿ ಹಂಗೇ ಉಳೀತು, ಸುತ್ತ ಕೆಂಪು ಧೂಳು ಮೆತ್ಕೊಂಡಿತ್ತು. ನಂಗೊತ್ತಿತ್ತು ಕಣೋ, ನಂಗಿಂತ ಚೆನ್ನಾಗಿ ಯಾರಿಗ್ ಗೊತ್ತಿರುತ್ತೆ. ಆದ್ರೂ ಒಂದು ಗೋಲ್ ಹಿಂದಿದ್ವಿ, ನನ್ನ ಬಾಯಿಂದ ಬಂದಿದ್ದು "ಬಿಗಿಯಾಗ್ ಕಟ್ಕೊಂಡು ಆಡೋ, ಹತ್ತೇ ನಿಮಿಷ." ಯಾರ ಮಾತು ಅದು ಅಂತ ನಿಂಗೆ ಹೇಳ್ಬೇಕಾ? ನೀನು ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಊರಗಾಂ ಸ್ಟೇಷನ್ ತನಕ ನಡೆದ ದಿನ ನಮ್ಮ ಕೋಚ್ ಬಾಯಲ್ಲಿ ಕೇಳಿದ್ದೇ ಮಾತು, ಅದೇ ರಾಗ.

ಅವನು "ಸರಿ ಅಣ್ಣ" ಅಂದು ಬ್ಯಾಂಡೇಜ್ ಸುತ್ಕೊಂಡ. ಒಂದು ಪ್ರಶ್ನೆ ಕೇಳ್ಲಿಲ್ಲ. ಅವನ ಪಾಸಿಂದಾನೇ ಗೋಲ್ ಬಂತು, ನಾನು ಕುಣಿದೆ, ತಿರುಗಿ ನೋಡಿದ್ರೆ ಅವನು ಮಂಡಿ ಹಿಡ್ಕೊಂಡು ಗ್ರೌಂಡಲ್ಲೇ ಕೂತಿದ್ದ.

ಲಿಗಮೆಂಟ್ ಹರಿದಿಲ್ಲ, ಮೂರು ವಾರ ರೆಸ್ಟ್ ಅಂದ್ರು ಡಾಕ್ಟ್ರು. ಸಂಜೆ ಅವನ ಮನೆಗೆ ಹೋಗಿ, ಆಡು ಅಂದಿದ್ದು ನಾನೇ ಅಂತ ಅವರಮ್ಮನಿಗೆ ಹೇಳ್ದೆ. ಬೈತಾರೆ ಅನ್ಕೊಂಡಿದ್ದೆ. ಬೈಲಿಲ್ಲ, ಟೀ ಕೊಟ್ರು. ಆ ಟೀ ಕುಡಿಯೋಕಾಗ್ಲಿಲ್ಲ ಮಗಾ. ಆಡೋದು ಬಿಟ್ಟ ದಿನ ಅತ್ತಿದ್ದಕ್ಕಿಂತ ಜಾಸ್ತಿ ಅವತ್ತು ರಾತ್ರಿ ಅತ್ತೆ.

ಸಾಕು, ಇಷ್ಟೆಲ್ಲಾ ಬರೀಬೇಕು ಅಂತ ಕೂತಿರ್ಲಿಲ್ಲ. ಈ ಭಾನುವಾರ ಬಾ. ಅವನು ಬೆಂಚ್ ಮೇಲೆ ಸುಮ್ನೆ ಕೂತಿರ್ತಾನೆ, ಕಾರ್ನರ್ ಹೆಂಗೆ ತಿರುಗಿಸೋದು ಅಂತ ನೀನು ಒದ್ದು ತೋರಿಸು. ಬರೋವಾಗ ಬಂಗಾರಪೇಟೆಲಿ ಇಳಿದು ಪಾನಿಪುರಿ ಕಟ್ಟಿಸ್ಕೊಂಡು ಬಾ, ನೀರು ಬಿಳೀದೇ ಇರ್ಲಿ. ಆ ಬಕೆಟ್ ವಿಷಯ ಮಾತ್ರ ಹುಡುಗ್ರ ಮುಂದೆ ಎತ್ತಬೇಡ.