ಆ ಹುಡುಗಿ ನಮ್ಮನೆಯಲ್ಲೇ ಇರಲಿ

ಪ್ರೀತಿಯ ಪುಟ್ಟಿ,

ನಿನ್ನ ಫೋನ್ ಬಂದಾಗಿನಿಂದ ನಿಮ್ಮವ್ವ ಗೋಡೆಗೆ ಸುಣ್ಣ ಹೊಡೆಸಬೇಕು ಅಂತ ಗಂಟುಬಿದ್ದಿದ್ದಾಳೆ. ಹೊಡೆಸೋಣ, ಅದಕ್ಕೇನು. ಆದರೆ ಜನವರಿಯಲ್ಲಿ ಬರುವ ನಿನ್ನ ಜರ್ಮನ್ ಗೆಳತಿಯನ್ನು ಬಾಗಲಕೋಟೆಯ ಲಾಡ್ಜ್‌ನಲ್ಲಿ ಇರಿಸೋಣ ಅಂದೆಯಲ್ಲ, ಅದು ಆಗದ ಮಾತು.

ನೀನೀಗ ಜರ್ಮನಿಯಲ್ಲಿ ಅವಳ ಮನೆಯವರ ಜೊತೆಯಲ್ಲೇ ಇದ್ದೀಯ ಅಲ್ವಾ? ರಾತ್ರಿಗೆ ಬಿಸಿ ಅಡುಗೆಯೇ ಇಲ್ಲ, ಬರೀ ಬ್ರೆಡ್ಡು, ಚೀಸು ಅಂತ ಮೊದಮೊದಲು ಮುಖ ಸಣ್ಣ ಮಾಡಿಕೊಂಡಿದ್ದೆ. ಈಗ ಖಾಲಿ ಬಾಟಲಿ ಮಷೀನಿಗೆ ಹಾಕಿ 25 ಸೆಂಟ್ ವಾಪಸ್ ತಗೊಂಡೆ ಅಂತ ನಗುತ್ತೀಯ. ಲಾಡ್ಜ್‌ನಲ್ಲಿದ್ದರೆ ಇದೆಲ್ಲ ಯಾರು ಹೇಳಿಕೊಡುತ್ತಿದ್ದರು? ಪಾಲಕರ ಸಭೆಯಲ್ಲಿ ನಿಮ್ಮ ಮೇಷ್ಟ್ರು ಹೇಳಿದ್ದು ನೆನಪಿದೆ. ಎರಡು ಮಹಾಯುದ್ಧಗಳಲ್ಲಿ ಹೊಡೆದಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಹುಡುಗ ಹುಡುಗಿಯರನ್ನು ಆಚೀಚೆ ಕಳಿಸಲಿಕ್ಕೆಂದೇ ಒಂದು ಕಚೇರಿ ತೆರೆದವು. ವೈರಿಯ ದೇಶದಲ್ಲೇ ಮಕ್ಕಳನ್ನು ಬಿಟ್ಟರಲ್ಲ, ಅವರಿಗಿಂತ ನಮ್ಮದೇನು ಕಷ್ಟ?

ಮಗ್ಗದ ಕೋಣೆಗೆ ಬೀಗ ಹಾಕು ಅಂದಿದ್ದು ಮಾತ್ರ ಚುಚ್ಚಿತು. ನಿನ್ನ ಫೀಸು ಎಲ್ಲಿಂದ ಬಂತು ಅಂತ ನಾನು ಕೇಳೋದಿಲ್ಲ, ಬಿಡು. ಆ ಹುಡುಗಿ ಮಗ್ಗದ ಕುಣಿಯ ದಂಡೆಯ ಮೇಲೆ ಕೂತು ನೋಡಲಿ. ಇಳಕಲ್ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡರ ತುದಿಗೂ ಕುಣಿಕೆ ಮಾಡಿ, ಒಂದರಲ್ಲೊಂದು ಸಿಕ್ಕಿಸಿ ಕೊಂಡಿ ಹಾಕಬೇಕು. ಹಾಗೆ ಹಾಕುವಾಗ ನಿಮ್ಮವ್ವನ ಕಣ್ಣು ಎಳೆಯ ಮೇಲೆ, ಬಾಯಿ ಓಣಿಯ ಸುದ್ದಿಯ ಮೇಲೆ. ಕೆಂಪು ಸೆರಗಿನಲ್ಲಿ ಬಿಳಿ ತೆನೆ ಮೂಡುವುದನ್ನು ನೋಡಿದ ಮೇಲೆ ಆ ಹುಡುಗಿ ಗೋಡೆಯ ಸುಣ್ಣ ನೋಡುತ್ತಾಳಾ?

ಐಹೊಳೆ, ಪಟ್ಟದಕಲ್ಲು, ಬಾದಾಮಿ ನೀನೇ ತೋರಿಸು. ಬಾದಾಮಿಯಲ್ಲಿ ಹ್ಯೂಯೆನ್ ತ್ಸಾಂಗ್‌ನ ಕಥೆ ಹೇಳು. ಅವನೂ ಓದಲೆಂದು ಚೀನಾದಿಂದ ಬಂದವನೇ. ನಾಲಂದದಲ್ಲಿ ಕಲಿತು, ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದಿದ್ದ. ಇಲ್ಲಿನ ಜನ ಉಪಕಾರ ಮರೆಯುವುದಿಲ್ಲ, ಕೆಣಕಿದರೆ ಬಿಡುವುದೂ ಇಲ್ಲ ಅಂತ ಬರೆದಿಟ್ಟ. ಎರಡನೆಯ ಮಾತು ನಿಮ್ಮವ್ವನ ಮುಂದೆ ಆಡಬೇಡ.

ಊಟದ ಚಿಂತೆ ಬೇಡ. ಆಗ ಜೋಳ ಹಾಲುಗಾಳಿನಲ್ಲಿರುತ್ತದೆ. ಹೊಲದಲ್ಲೇ ತೆನೆ ಸುಟ್ಟು, ಉಜ್ಜಿ, ಬಿಸಿ ಬಿಸಿ ಸೀತನಿ ಕೊಡೋಣ. ಶೇಂಗಾ ಚಟ್ನಿಗೆ ಖಾರ ಕಡಿಮೆ ಹಾಕಲು ಹೇಳಿದ್ದೇನೆ. ನಿಮ್ಮವ್ವ ಹೂಂ ಅಂದಿದ್ದಾಳೆ, ನನಗೇನೂ ನಂಬಿಕೆಯಿಲ್ಲ. ಮೊಸರು ಜಾಸ್ತಿ ಇಟ್ಟಿರುತ್ತೇನೆ.

ಇನ್ನೊಂದು. ವಿದೇಶದವರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಅವರ ವಿವರ ತುಂಬಿ ಕಳಿಸಬೇಕು. ಅವಳ ಪಾಸ್‌ಪೋರ್ಟ್, ವೀಸಾದ ಪ್ರತಿಗಳನ್ನು ಮೊದಲೇ ಕಳಿಸು. ಬಚ್ಚಲಿನ ಚಿಲಕ ಈ ವಾರವೇ ಹಾಕಿಸುತ್ತೇನೆ.

ನಿನ್ನ ಅಪ್ಪ
ಇಳಕಲ್