ಇಡ್ಲಿ ದುಡ್ಡು ಕೊಟ್ಟು ಹೋದವನು

ಡೊಂಬಿವಲಿ
ಭಾನುವಾರ ರಾತ್ರಿ

ಪ್ರೀತಿಯ ಅಳಿಯನಿಗೆ,

ನಿನ್ನ ಸಿನಿಮಾದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಒಂದು ಸಲ ಗಲ್ಲಾದಲ್ಲಿ ಕೂತು, ಇನ್ನೊಂದು ಸಲ ಹೋಟೆಲಿನ ಶಟರ್ ಎಳೆದ ಮೇಲೆ. ಫೋನಿನಲ್ಲಿ ಹೇಳಿದರೆ ‘ಹ್ಞಾಂ ಮಾವ, ಹ್ಞಾಂ ಮಾವ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಿನ್ನ ಡಾನ್ ನನಗೆ ಹಿಡಿಸಲಿಲ್ಲ. ಕರಿ ಕೋಟು, ಎರಡು ಪಿಸ್ತೂಲು, ಸಮುದ್ರ ಕಾಣುವ ಬಾಲ್ಕನಿ. ಅಂಥವನನ್ನು ತೋರಿಸೋಕೆ ನಿನ್ನ ಹತ್ತಿರ ದುಡ್ಡಿಲ್ಲ. ಅಂಥವನನ್ನು ಈ ಊರಲ್ಲಿ ಇಷ್ಟು ವರ್ಷ ಇದ್ದು ನಾನು ನೋಡಿಯೂ ಇಲ್ಲ.

1979ರಲ್ಲಿ ಕುಂದಾಪುರದಿಂದ ಬಂದು ಮುಂಬಯಿಯ ಲಾಲ್‌ಬಾಗ್‌ನ ಹೋಟೆಲೊಂದರಲ್ಲಿ ಚಹಾ ಕಪ್ಪು ತೊಳೆಯೋ ಕೆಲಸಕ್ಕೆ ಸೇರಿದೆ. ರಾತ್ರಿ ಕನ್ನಡ ನೈಟ್ ಸ್ಕೂಲು. ಗಿರಾಕಿಗಳು ಹೆಚ್ಚಿನವರು ಬಟ್ಟೆ ಮಿಲ್ಲಿನವರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಕೂತರು. ನಮ್ಮ ಉದ್ರಿ ಪುಸ್ತಕ ದಪ್ಪ ಆಗುತ್ತಾ ಹೋಯಿತು. ಮುಷ್ಕರ ಮುಗಿಯಿತು ಅಂತ ಯಾರೂ ಬಂದು ಹೇಳಲೇ ಇಲ್ಲ. ಮಿಲ್ಲಿನವರ ಸಾಲುಮನೆ ಚಾಳುಗಳ ಹುಡುಗರಲ್ಲಿ ಕೆಲವರು ತರಕಾರಿ ಗಾಡಿ ತಳ್ಳಿದರು, ಕೆಲವರು ಊರಿಗೆ ಹೋದರು, ಕೆಲವರು ಗ್ಯಾಂಗಿಗೆ ಹೋದರು. ನಿನ್ನ ಹೀರೋ ಗ್ಯಾಂಗ್ ಸೇರೋದು ತಂಗಿಯ ಸಾವಿಗೆ ಸೇಡು ತೀರಿಸೋಕೆ. ನನಗೆ ಗೊತ್ತಿದ್ದ ಹುಡುಗರು ಸೇರಿದ್ದು ಅಪ್ಪನ ಉದ್ರಿ ತೀರಿಸೋಕೆ.

1996ರಲ್ಲಿ, ಈ ಹೋಟೆಲು ನನ್ನದಾದ ಮೇಲೆ, ಒಂದು ಮಧ್ಯಾಹ್ನ ಫೋನ್ ಬಂತು. ಬೈಗುಳ ಇಲ್ಲ, ಕೂಗಾಟ ಇಲ್ಲ. ‘ಶೇಠ್, ಎರಡು ಪೇಟಿ ಬೇಕು’ ಅಂದ. ನನಗೆ ಗೊತ್ತಿದ್ದ ಪೇಟಿ ಮಾವಿನಹಣ್ಣಿನದು. ‘ಈ ಕಾಲದಲ್ಲಿ ಹಣ್ಣು ಎಲ್ಲಿ ಸಿಗುತ್ತೆ’ ಅಂದುಬಿಟ್ಟೆ! ಅವನಿಗೆ ನಗು ಬಂತು. ಪೇಟಿ ಅಂದರೆ ಲಕ್ಷ, ಖೋಕಾ ಅಂದರೆ ಕೋಟಿ ಅಂತ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದ. ಆಮೇಲೆ ನನ್ನ ಮಗಳ ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ ಅಂತ ಹೇಳಿದ. ಬೇರೆ ಏನೂ ಹೇಳಲಿಲ್ಲ.

ಕೊಟ್ಟೆ. ಚೌಕಾಸಿ ಮಾಡಿ 60 ಸಾವಿರಕ್ಕೆ ಇಳಿಸಿ ಕೊಟ್ಟೆ. ನಿನ್ನ ಅತ್ತೆಗೂ ಇದು ಪೂರ್ತಿ ಗೊತ್ತಿಲ್ಲ, ನೀನು ಬಾಯಿ ಬಿಡಬೇಡ. ತೆಗೆದುಕೊಳ್ಳಲು ಬಂದವನು ಈಗಿನ ನಿನಗಿಂತ ಚಿಕ್ಕವನು. ಕಿತ್ತುಹೋದ ಚಪ್ಪಲಿಗೆ ಪಿನ್ನು ಹಾಕಿಕೊಂಡಿದ್ದ. ಒಂದು ಪ್ಲೇಟ್ ಇಡ್ಲಿ ತಿಂದ. ಇನ್ನೊಂದು ಸಲ ಸಾಂಬಾರು ಹಾಕಿಸಿಕೊಂಡ. ಪೇಪರಿನಲ್ಲಿ ಸುತ್ತಿದ ಕಟ್ಟನ್ನು ಪಾರ್ಸೆಲ್ ಥರ ಕೊಟ್ಟೆ. ಅವನು ಗಲ್ಲಾದ ಮುಂದೆ ನಿಂತು ಇಡ್ಲಿಯ ದುಡ್ಡು ತೆಗೆದ. ಬೇಡ ಅಂದರೂ ಕೇಳಲಿಲ್ಲ. ಚಿಲ್ಲರೆ ಎಣಿಸಿಕೊಂಡು ಹೋದ. ಆ ಚಿಲ್ಲರೆ ಕೊಡುವಾಗ ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪಿದೆ.

ಇದನ್ನು ತೆಗೆಯೋಕೆ ಎಷ್ಟು ಖರ್ಚು, ಹೇಳು? ಒಂದು ಪ್ಲೇಟ್ ಇಡ್ಲಿ. (ಹೋಟೆಲಿನ ಅಣ್ಣನ ಬಾಯಲ್ಲಿ ‘ಅಯ್ಯಯ್ಯೋ’ ಹಿಂದಿ ಮಾತ್ರ ಹಾಕಬೇಡ. ನನ್ನ ಹಿಂದಿ ನಿನ್ನದಕ್ಕಿಂತ ಚೆನ್ನಾಗಿದೆ.)

ಆದರೆ ನೀನು ಇವತ್ತಿನ ಕಥೆ ಅನ್ನುತ್ತೀಯ. ಹಾಗಿದ್ದರೆ ಇಡ್ಲಿ ತಿನ್ನೋಕೆ ಯಾರೂ ಬರೋದಿಲ್ಲ. ಹೋದ ವರ್ಷ ನಮ್ಮ ಕ್ಲೀನರ್ ಹುಡುಗ 5 ಸಾವಿರ ರೂಪಾಯಿಗೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಯಾರಿಗೋ ಕೊಟ್ಟ. ಮೂರು ವಾರದಲ್ಲಿ ಅಕೌಂಟ್ ಫ್ರೀಜ್. ಬೇರೆ ರಾಜ್ಯದ ಪೊಲೀಸರ ನೋಟಿಸ್. ಅಲ್ಲಿ ಯಾವುದೋ ಮುದುಕಿಯನ್ನು ವಿಡಿಯೋ ಕಾಲ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ಕೂರಿಸಿ, ಅವಳ ಠೇವಣಿಯನ್ನೆಲ್ಲ ಹಾಕಿಸಿಕೊಂಡಿದ್ದಾರೆ. ಆ ದುಡ್ಡು ಇವನ ಅಕೌಂಟಿಗೆ ಬಂದು ಒಂದೇ ದಿನದಲ್ಲಿ ಹೊರಟೂ ಹೋಗಿದೆ. ಪೊಲೀಸರು ಇದಕ್ಕೆ ‘ಮ್ಯೂಲ್ ಅಕೌಂಟ್’ ಅನ್ನುತ್ತಾರೆ, ಹೇಸರಗತ್ತೆ. ಯಾರ ಹೊರೆ ಅಂತ ಕತ್ತೆಗೆ ಗೊತ್ತಿಲ್ಲ. ಅವನ ಜೊತೆ ವಕೀಲರ ಆಫೀಸಿನಲ್ಲಿ ಕೂತಿದ್ದೆ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮನ್ನು ವಕೀಲರು ತೋರಿಸಿದರು. ಸಂಘಟಿತ ಅಪರಾಧ ಅಂತ ಸುಲಿಗೆ, ಸುಪಾರಿ ಕೊಲೆಯ ಸಾಲಿನಲ್ಲೇ ಸೈಬರ್ ಅಪರಾಧವೂ ಇದೆ. ಹುಡುಗ ‘ಅಣ್ಣ, ನಾನು ಗ್ಯಾಂಗಾ?’ ಅಂತ ಕೇಳಿದ. ನಿನ್ನ ಇಡೀ ಸ್ಕ್ರಿಪ್ಟಿನಲ್ಲಿ ಇಂಥ ಒಂದು ಡೈಲಾಗ್ ಇಲ್ಲ.

ಈಗ ಇನ್ನೊಂದು ವಿಷಯ. ನಿನ್ನ ಅಮ್ಮ ಫೋನ್ ಮಾಡಿದ್ದಳು. ಅವಳ ಮೇಲೆ ರೇಗಬೇಡ. ವರ್ಸೋವಾದಲ್ಲಿ ಸಿಕ್ಕಿದ ಆ ಫೈನಾನ್ಸರ್ ನಿನ್ನ ಅಕೌಂಟಿಗೆ 40 ಲಕ್ಷ ಹಾಕುತ್ತಾನಂತೆ. 25 ನಿನ್ನ ಸಿನಿಮಾಕ್ಕೆ. ಉಳಿದ 15 ಅವನು ಹೇಳಿದ ಮೂರು ಹೆಸರಿಗೆ ನೀನು ವಾಪಸ್ ಕಳಿಸಬೇಕಂತೆ. ‘ಅಡ್ಜಸ್ಟ್‌ಮೆಂಟ್ ಅಷ್ಟೇ’ ಅಂದನಂತೆ.

ಅಳಿಯ, ನಮ್ಮ ಕ್ಲೀನರ್ ಹುಡುಗನಿಗೆ 5 ಸಾವಿರ, ನಿನಗೆ 25 ಲಕ್ಷ. ಬೇರೆ ಏನು ವ್ಯತ್ಯಾಸ?

ಹಿಂದಿನ ನಿರ್ಮಾಪಕರಿಗೆ ಬೇರೆ ದಾರಿ ಕಡಿಮೆ ಇತ್ತು. ಸಿನಿಮಾ ಅಂದರೆ ಬ್ಯಾಂಕಿನವರು ಹತ್ತಿರ ಸೇರಿಸುತ್ತಿರಲಿಲ್ಲ. ಸರ್ಕಾರ ಅದನ್ನು ಉದ್ಯಮ ಅಂತ ಒಪ್ಪಿದ್ದೇ 1998ರಲ್ಲಿ. ಅಲ್ಲಿಯವರೆಗೆ ಬಡ್ಡಿಯವರೇ ಗತಿ, ಅವರ ಬೆನ್ನ ಹಿಂದೆ ಯಾರು ಅಂತ ಕೇಳುವ ಹಾಗಿರಲಿಲ್ಲ. 1997ರ ಆಗಸ್ಟ್ 12ಕ್ಕೆ ಟಿ-ಸೀರೀಸ್ ಕ್ಯಾಸೆಟ್ ಕಂಪನಿಯ ಗುಲ್ಶನ್ ಕುಮಾರ್ ಅವರನ್ನು ಅಂಧೇರಿಯ ದೇವಸ್ಥಾನದ ಹೊರಗೆ ಗುಂಡಿಟ್ಟು ಕೊಂದರು. ಆ ರಾತ್ರಿ ನಾನು ಶಟರ್ ಬೀಗವನ್ನು ಮೂರು ಸಲ ಎಳೆದು ನೋಡಿದೆ. ಅಷ್ಟು ದೊಡ್ಡವರಿಗೇ ಹೀಗಾದರೆ ನನ್ನಂಥವನದು ಏನು ಅನ್ನಿಸಿತ್ತು.

ನಿನಗೆ ಬಾಲ್ಕನಿ ಬೇಡ, ಕೋಟು ಬೇಡ. ಒಂದು ಹೋಟೆಲು, ಒಂದು ಖೋಲಿ, ಎರಡು ಫೋನು ಸಾಕು. 3 ಲಕ್ಷ ನಾನು ಕೊಡುತ್ತೇನೆ, ಚೆಕ್‌ನಲ್ಲಿ. ಸಾಲ ಅಲ್ಲ. ಮಾಟುಂಗಾ, ಮಾಹಿಮ್ ಕಡೆ ನಾಟಕ ಆಡುವ ನಮ್ಮವರು ಇದ್ದಾರೆ, ಕೇಳಿ ನೋಡೋಣ. ಆಟಿಕೆ ಪಿಸ್ತೂಲು ಹಿಡಿದು ರಾತ್ರಿ ಬೀದಿಯಲ್ಲಿ ಓಡಬೇಡಿ, ಮೊದಲು ಪೊಲೀಸ್ ಸ್ಟೇಷನ್ನಿನಿಂದ ಪರ್ಮಿಷನ್ ತಗೋ.

ಆ ಮನುಷ್ಯನಿಗೆ ನಾಳೆಯೇ ಬೇಡ ಅಂತ ಹೇಳು. ಆಮೇಲೆ ಗುರುವಾರ ಬಾ. ಹೋಟೆಲು ರಾತ್ರಿ 11ರಿಂದ ಬೆಳಿಗ್ಗೆ 4ರವರೆಗೆ ನಿನ್ನದು. ನಾಲ್ಕೂವರೆಗೆ ಹಾಲಿನ ಗಾಡಿ ಬರುತ್ತದೆ, ಅಷ್ಟರಲ್ಲಿ ಟೇಬಲ್ ಒರೆಸಿ ಕೊಡಬೇಕು. ಲೈಟು ಹಿಟ್ಟಿನ ಪಾತ್ರೆಯ ಹತ್ತಿರ ಇಡಬೇಡ, ಬಿಸಿಗೆ ಹುಳಿ ಜಾಸ್ತಿ ಆಗುತ್ತದೆ. ಇಡ್ಲಿ ತಿನ್ನುವ ಹುಡುಗನ ಪಾತ್ರಕ್ಕೆ ತೆಳ್ಳಗಿನವನನ್ನು ಹುಡುಕು. ಪಿನ್ನು ಹಾಕಿದ ಚಪ್ಪಲಿ ನಾನು ರೆಡಿ ಮಾಡಿಸಿ ಇಡುತ್ತೇನೆ.

ನಿನ್ನ ಮಾವ